ಗಣಿತಸಾರಸಂಗ್ರಹದ ಮಾದಲ-ಬೇಲದ ಲೆಕ್ಕವೂ ಪಾಠನಿರ್ಣಯವೂ

ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದ ಗ್ರಂಥವು ಕ್ರಿ.ಶ. 850ರ ಸುಮಾರಿನದೆಂಬುದು ವಿದ್ವಾಂಸರ ಸಾಮಾನ್ಯ ಮತ. ಆಚಾರ್ಯರು ಆ ನಗರದಲ್ಲಿಯೇ ನೆಲೆಸಿ ಗ್ರಂಥವನ್ನು ರಚಿಸಿದರೆಂಬುದು ಮಾತ್ರ ಆ ಸ್ತುತಿಯಿಂದ ಮಾಡಿದ ಊಹೆ. ಅದನ್ನು ಸಿದ್ಧಸಂಗತಿಯೆಂಬಂತೆ ಬರೆಯುವ ರೂಢಿ ಉಚಿತವೆನಿಸದು.

ಮಿಶ್ರಕವ್ಯವಹಾರದಲ್ಲಿ ಒಂದು ಪ್ರಸಿದ್ಧ ಉದಾಹರಣೆಯುಂಟು. 9 ಮಾದಲ ಹಾಗೂ 7 ಬೇಲದ ಹಣ್ಣುಗಳ ಬೆಲೆ ಒಟ್ಟಿಗೆ 107. 7 ಮಾದಲ ಹಾಗೂ 9 ಬೇಲಗಳ ಬೆಲೆ 101. ಒಂದೊಂದರ ಬೆಲೆಯೆಷ್ಟು? ಸೂತ್ರದ ಕ್ರಮ ಹೀಗಿದೆ: ಹಿರಿಯ ಮೊತ್ತವನ್ನು ಹಿರಿಯ ಸಂಖ್ಯೆಯಿಂದಲೂ ಕಿರಿಯ ಮೊತ್ತವನ್ನು ಕಿರಿಯ ಸಂಖ್ಯೆಯಿಂದಲೂ ಗುಣಿಸಿ ಕಳೆಯಬೇಕು, ಶೇಷವನ್ನು ಆ ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. 963ರಲ್ಲಿ 707 ಕಳೆದರೆ 256. 81ರಲ್ಲಿ 49 ಕಳೆದರೆ 32. ಮಾದಲಕ್ಕೆ 8 ಬಂದಿತು. ಗುಣಕಗಳನ್ನು ಅದಲುಬದಲು ಮಾಡಿದರೆ 909ರಲ್ಲಿ 749 ಕಳೆದು 160, ಬೇಲಕ್ಕೆ 5. ಇಂದು ಎರಡು ಅವ್ಯಕ್ತಗಳ ಸಮೀಕರಣಗಳೆನ್ನುವುದು ಇದನ್ನೇ. ಆದರೆ ಸೂತ್ರವು ಸಂಖ್ಯೆಗಳು ಹೀಗೆ ಪರಸ್ಪರ ವಿನಿಮಯಗೊಂಡ ಸಂದರ್ಭಕ್ಕೆ ಮಾತ್ರ ಹೊಂದುತ್ತದೆ; ಸರ್ವಸಾಮಾನ್ಯ ವಿಧಾನವೆಲ್ಲ ಇದರಲ್ಲಿ ಅಡಗಿದೆಯೆಂಬುದು ಅತ್ಯುತ್ಸಾಹ.

1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಗ್ರಂಥವನ್ನು ಸಂಪಾದಿಸಿದಾಗ ಕನ್ನಡ ಲಿಪಿಯ ತಾಳೆಗರಿಗಳು ಅವರಿಗೆ ಆಧಾರವಾದವು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದವು.

ಪಾಠಶೋಧಕನಿಗೆ ಈ ಲೆಕ್ಕವು ಬೇರೊಂದು ಕಾರಣದಿಂದ ಮುಖ್ಯ. ಲಿಪಿಕಾರನು ಪ್ರಮಾದದಿಂದ 107ನ್ನು 106 ಎಂದು ಬರೆದನೆನ್ನೋಣ. ಶೇಷವು 247 ಆಗಿ ಮಾದಲದ ಬೆಲೆ 7 23/32 ಆಗುತ್ತದೆ. ಒಂದೇ ಮೊತ್ತದಲ್ಲಿ 32ರ ಗುಣಕವಲ್ಲದ ಯಾವ ವ್ಯತ್ಯಾಸವಾದರೂ ಪೂರ್ಣಾಂಕವು ಕೆಡುವುದು. ಭಿನ್ನಗಳಲ್ಲಿ ಅಷ್ಟು ಆಸಕ್ತಿಯಿದ್ದ ಆಚಾರ್ಯರ ಗ್ರಂಥದಲ್ಲಿ ಇದೊಂದೇ ಪ್ರಮಾಣವಾಗದು, ಬಲವಾದ ಸೂಚನೆ ಮಾತ್ರ. ಆದರೆ 107, 101 ಇವೆರಡೂ ಸ್ಥಾನಪಲ್ಲಟಗೊಂಡಿದ್ದರೆ? ಆಗ ಮಾದಲಕ್ಕೆ 5, ಬೇಲಕ್ಕೆ 8; ಎರಡೂ ಪೂರ್ಣಾಂಕಗಳೇ, ಗಣಿತವು ದೋಷವನ್ನು ತೋರಿಸದು. ಅಂಥಲ್ಲಿ ಛಂದಸ್ಸು, ಟೀಕೆಯ ಉತ್ತರ, ಬೇರೆ ಶಾಖೆಯ ಪ್ರತಿಗಳ ಪಾಠ ಇವುಗಳನ್ನೇ ನೋಡಬೇಕು.