ಸಿಮೆಂಟ್

ಸುಣ್ಣಕಲ್ಲನ್ನು ಜೇಡಿಮಣ್ಣಿನೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಸಿಗುವ ಕ್ಲಿಂಕರ್ ಉಂಡೆಗಳನ್ನು ತುಸು ಜಿಪ್ಸಂ ಸೇರಿಸಿ ಅರೆದ ಬೂದು ಪುಡಿ. ನೀರು ಬಿದ್ದರೆ ಗಟ್ಟಿಯಾಗುತ್ತದೆ. ಜಿಪ್ಸಂ ಇಲ್ಲದಿದ್ದರೆ ಗೌಂಡಿ ಕೈಯಾಡಿಸುವ ಮೊದಲೇ ಬಿಗಿದುಕೊಳ್ಳುತ್ತದೆ.

ಪದದ ಮೂಲ ಲ್ಯಾಟಿನ್ನಿನ ‘ಕೇಮೆಂಟುಂ’. ಆಗ ಅದರ ಅರ್ಥ ಅಂಟುಪುಡಿಯಲ್ಲ, ಗಣಿಯಲ್ಲಿ ಕಡಿದ ಒರಟು ಕಲ್ಲುಚೂರು. ಸುಣ್ಣದ ಗಾರೆಗೆ ಬೆರೆಸುತ್ತಿದ್ದ ಚೂರಿನ ಹೆಸರು ಕ್ರಮೇಣ ಗಾರೆಗೇ ಅಂಟಿಕೊಂಡಿತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್.

ಮೂಲಾರ್ಥ ಮತ್ತು ಇಂದಿನ ಅರ್ಥ ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಕಲಬುರಗಿ ಜಿಲ್ಲೆಗೇ ಬರಬೇಕು. ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿ ಸುಣ್ಣಕಲ್ಲಿನ ಪದರಗಳಿವೆ. ಹಾಳೆಯಂತೆ ಬಿಡಿಸಿದರೆ ಅದು ಮನೆಗೆ ಹಾಸುವ ಫರ್ಸಿ. ಸುಟ್ಟು ಅರೆದರೆ ಸಿಮೆಂಟ್. ವಾಡಿ, ಸೇಡಂ, ಮಳಖೇಡದಲ್ಲಿ ದೊಡ್ಡ ಕಾರ್ಖಾನೆಗಳಿವೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಈ ಮಳಖೇಡ. ಅಲ್ಲಿನ ಕೋಟೆಗೂ ಬಳಕೆಯಾದದ್ದು ಇದೇ ಕಲ್ಲು.

ಬಳಕೆಯಲ್ಲಿ ‘ಸಿಮೆಂಟ್ ರಸ್ತೆ’ ಎನ್ನುವುದು ವಾಸ್ತವವಾಗಿ ಕಾಂಕ್ರೀಟ್ ರಸ್ತೆ: ಮರಳು, ಜಲ್ಲಿಗಳ ನಡುವೆ ಸಿಮೆಂಟ್ ಬರೀ ಬೆಸುಗೆ. ಲೆಕ್ಕವೆಲ್ಲ 50 ಕಿಲೋ ಚೀಲದ ಮೇಲೆ.