ಎರಡು ಕಣ್ಣು, ಒಂದು ಕ್ಷಣ

1838ರಲ್ಲಿ ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟನ್ ರಾಯಲ್ ಸೊಸೈಟಿಯ ಮುಂದೆ ಒಂದು ವಿಚಾರ ಇಟ್ಟ. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ವ್ಯತ್ಯಾಸದಿಂದಲೇ ನಮಗೆ ಆಳ ಗೊತ್ತಾಗುತ್ತದೆ. ಅದನ್ನು ತೋರಿಸಲು ಅವನು ಬಳಸಿದ್ದು ಗೆರೆಚಿತ್ರಗಳು ಮತ್ತು ಎರಡು ಕನ್ನಡಿಗಳು. ಡಾಗೆರ್‌ನ ಫೋಟೋ ವಿಧಾನ ಲೋಕಕ್ಕೆ ತಿಳಿದದ್ದು ಮರುವರ್ಷ. ಅಂದರೆ ಸ್ಟೀರಿಯೋಗೆ ಬೇಕಾದದ್ದು ಜೋಡಿ ಚಿತ್ರ. ಅದು ಫಿಲ್ಮಿನ ಸ್ವತ್ತೂ ಅಲ್ಲ, ಡಿಜಿಟಲ್‌ನ ಸ್ವತ್ತೂ ಅಲ್ಲ.

ಹಾಗಾದರೆ ಇಂದು ಯಾವುದನ್ನು ಆರಿಸಿಕೊಳ್ಳಬೇಕು? ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು ಎಂಬುದು ನನ್ನ ಅನಿಸಿಕೆ.

ಮೊದಲನೆಯದು, ಎರಡೂ ಚಿತ್ರ ಒಂದೇ ಕ್ಷಣದವೇ? ಅಮೆರಿಕದಲ್ಲಿ 1947ರಲ್ಲಿ ಬಂದ ಸ್ಟೀರಿಯೋ ರಿಯಲಿಸ್ಟ್ ಕ್ಯಾಮೆರಾದಲ್ಲಿ ಎರಡು ಲೆನ್ಸ್. ಗುಂಡಿ ಒಂದು, 35 ಮಿ.ಮೀ. ಫಿಲ್ಮಿನ ಸುರುಳಿಯೂ ಒಂದು. ಓಡುವ ಮಗು, ಬೀಳುವ ನೀರು, ಎರಡೂ ಕಣ್ಣಿಗೆ ಒಂದೇ ಕ್ಷಣದಲ್ಲಿ ಸಿಗುತ್ತಿದ್ದವು. ಇಂದು ಒಂದೇ ಡಿಜಿಟಲ್ ಕ್ಯಾಮೆರಾವನ್ನು ಆರೇಳು ಸೆಂಟಿಮೀಟರ್ ಸರಿಸಿ ಎರಡು ಸಲ ತೆಗೆದರೆ ಗುಡಿಯ ಕಂಬ ಚೆನ್ನಾಗಿ ಬರುತ್ತದೆ, ಗಾಳಿಗೆ ಅಲ್ಲಾಡುವ ಎಲೆ ಬರುವುದಿಲ್ಲ. ಎರಡು ಕ್ಯಾಮೆರಾ ಜೋಡಿಸಿದರೂ ಶಟರ್‌ಗಳು ಕ್ಷಣದ ಸಣ್ಣ ಪಾಲಿನಷ್ಟು ಹಿಂದೆಮುಂದೆ ಆಗುತ್ತವೆ. ಆದರೆ ಒಂದು ಚಿತ್ರ ವಾರೆಯಾಗಿದ್ದರೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು. ಎಷ್ಟು ಸಲ ತಪ್ಪಿದರೂ ಖರ್ಚಿಲ್ಲ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಸ್ಲೈಡ್ ಫಿಲ್ಮ್ ಈಗ ದುಬಾರಿ, ತೊಳೆದುಕೊಡುವ ಲ್ಯಾಬುಗಳೂ ವಿರಳ.

ಎರಡನೆಯದು, ನಾಳೆ ಇದನ್ನು ಯಾವುದರಲ್ಲಿ ನೋಡುವುದು? ಫ್ಯೂಜಿಫಿಲ್ಮ್ 2009ರಲ್ಲಿ ಎರಡು ಲೆನ್ಸಿನ ಡಿಜಿಟಲ್ ಕ್ಯಾಮೆರಾ ತಂದಿತು. ಅದರ ಪರದೆಯಲ್ಲಿ ಕನ್ನಡಕವಿಲ್ಲದೆಯೇ ಆಳ ಕಾಣುತ್ತಿತ್ತು. 2010ರ ಮಾದರಿಯ ನಂತರ ಆ ಸಾಲು ನಿಂತಿತು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು 3ಡಿ ಟಿವಿಯನ್ನೂ ಕೈಬಿಟ್ಟವು. ಫೈಲು ಉಳಿಯಿತು, ನೋಡುವ ಯಂತ್ರ ಹೋಯಿತು. ಆದರೆ 1850ರ ದಶಕದ ಸ್ಟೀರಿಯೋ ಕಾರ್ಡುಗಳನ್ನು ಎರಡು ಸಾಧಾರಣ ಮಸೂರಗಳಿದ್ದರೆ ಈಗಲೂ ನೋಡಬಹುದು. ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಕಣ್ಣಿಗೊತ್ತಿ ಹಿಡಿದ ವ್ಯೂ-ಮಾಸ್ಟರ್ ಕೂಡ ಅಷ್ಟೇ. 1939ರಲ್ಲಿ ಬಂದ ಆ ಸಾಧನಕ್ಕೆ ಕಿಟಕಿಯ ಬೆಳಕೇ ಸಾಕು.

ಹಾಗಾಗಿ ನಾನು ತೆಗೆಯುವುದು ಡಿಜಿಟಲ್‌ನಲ್ಲಿ, ಕಾಪಾಡುವುದು ಕಾಗದದಲ್ಲಿ. ಊರಿಗೆ ಹೋದಾಗ ತೆಗೆದ ಹಜಾರ, ಅಟ್ಟ, ಬಾವಿಕಟ್ಟೆಯ ಜೋಡಿಗಳನ್ನು ಅಕ್ಕಪಕ್ಕ ಮುದ್ರಿಸಿ ದಪ್ಪ ರಟ್ಟಿಗೆ ಅಂಟಿಸುತ್ತೇನೆ. ಹಿರಿಯರು ನಡೆದಾಡುವ ಮನೆಯನ್ನು ಹಿಡಿಯಬೇಕಾದಾಗ ಮಾತ್ರ ಒಂದು ಸುರುಳಿ ಫಿಲ್ಮ್. ಆ ಮನೆಯನ್ನು ಮಾರುವ ಮಾತು ನಡೆದಿದೆ. ಮುಂದೆ ಮಕ್ಕಳಿಗೆ ಅದರ ಉದ್ದ ಅಗಲ ಪತ್ರದಲ್ಲಿ ಸಿಕ್ಕೀತು, ಆಳ ಈ ರಟ್ಟುಗಳಲ್ಲಿ ಮಾತ್ರ.