ಮದ್ದಿನ ದಿನಗಳಲ್ಲಿ ದುಡಿಮೆ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಿಂದೆ ಕ್ಯಾನ್ಸರ್ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ದೊಡ್ಡ ಸೀಕು' ಎಂದು ತಗ್ಗಿದ ದನಿಯಲ್ಲಿ ಹೇಳಿ ಮಾತು ಬದಲಿಸುತ್ತಿದ್ದರು. ಆ ಸೀಕು ಬಂದವರು ಮನೆಯ ಒಳಕೋಣೆ ಸೇರುತ್ತಿದ್ದರು. ಅವರು ಮರಳಿ ಗದ್ದೆಗೋ ಅಂಗಡಿಗೋ ಶಾಲೆಗೋ ಹೋಗುವರೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಇಂದು ಅದೇ ಊರುಗಳಲ್ಲಿ ಕರುಳಿನ ಕ್ಯಾನ್ಸರ್‌ಗೆ ಕಿಮೊಥೆರಪಿ ಪಡೆಯುತ್ತಲೇ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರು, ತರಗತಿಯಲ್ಲಿ ಪಾಠ ಮಾಡುವವರು ಇದ್ದಾರೆ. ಈ ಬದಲಾವಣೆ ಹೇಗಾಯಿತು ಎಂಬುದಕ್ಕೂ ಒಂದು ಚರಿತ್ರೆ ಇದೆ. ಮೂರು ದಶಕಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಇತಿಹಾಸ ಪಾಠ ಹೇಳಿದ ನನಗೆ, ರಾಜರ ಯುದ್ಧಗಳಷ್ಟೇ ಇದೂ ತಿಳಿಯಬೇಕಾದ ಇತಿಹಾಸವೆಂದು ತೋರುತ್ತದೆ.

ರೋಗವೇನೂ ಹೊಸತಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಅರ್ಬುದದ ಮಾತು ಬರುತ್ತದೆ. ಆದರೆ ದೊಡ್ಡ ಕರುಳು ಮತ್ತು ಗುದನಾಳದ ಗಡ್ಡೆಗೆ ಬಹುಕಾಲ ಶಸ್ತ್ರವೊಂದೇ ದಾರಿಯಾಗಿತ್ತು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದನಾಳವನ್ನು ಸಂಪೂರ್ಣವಾಗಿ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ಅದರಿಂದ ಬದುಕಿದವರು ಉಳಿದ ಆಯುಷ್ಯವನ್ನು ಹೊಟ್ಟೆಯ ಮೇಲಿನ ಕೃತಕ ದ್ವಾರದೊಂದಿಗೆ ಕಳೆಯಬೇಕಾಗುತ್ತಿತ್ತು. ನಮ್ಮ ಕರಾವಳಿಯವರಿಗೆ ಅದೂ ದೂರದ ಮಾತಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದು 1941ರಲ್ಲಿ. ಅಲ್ಲಿ ಹೋಟೆಲು ಕೆಲಸದಲ್ಲಿದ್ದ ನೆಂಟರು ಯಾರಾದರೂ ಇದ್ದರೆ ರೋಗಿಗೆ ತಂಗಲು ಒಂದು ಮೂಲೆ ಸಿಗುತ್ತಿತ್ತು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಬಂತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಬಾರ್ಕೂರು, ಕುಂದಾಪುರ, ಬೈಂದೂರಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗುವುದು ಸಾಧ್ಯವಾಯಿತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ರೈಲ್ವೆಯವರು ಪೂರ್ಣ ರಿಯಾಯಿತಿ ಕೊಡುತ್ತಾರೆ ಎಂಬುದು ಇಂದಿಗೂ ನಮ್ಮಲ್ಲಿ ಹಲವರಿಗೆ ತಿಳಿಯದು.

ಇನ್ನು ಮದ್ದಿನ ಕಥೆ. ಎರಡನೆಯ ಮಹಾಯುದ್ಧದ ವಿಷಾನಿಲದ ಸಂಶೋಧನೆಯಿಂದ ಹುಟ್ಟಿದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಕೊಡಲಾಯಿತು. ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ತಯಾರಾದ ಅಮಿನೊಪ್ಟೆರಿನ್ ಮದ್ದಿನಿಂದ ಮಕ್ಕಳ ರಕ್ತ ಕ್ಯಾನ್ಸರ್ ಕೆಲಕಾಲವಾದರೂ ಹಿಮ್ಮೆಟ್ಟಿತೆಂದು 1948ರಲ್ಲಿ ಸಿಡ್ನಿ ಫಾರ್ಬರ್ ವರದಿ ಮಾಡಿದನು. ಕರುಳಿನ ಕ್ಯಾನ್ಸರ್‌ಗೆ ಇಂದಿಗೂ ಬುನಾದಿಯಾಗಿರುವ 5-ಫ್ಲೋರೋಯುರಾಸಿಲ್ ಬಂದದ್ದು 1957ರಲ್ಲಿ, ಚಾರ್ಲ್ಸ್ ಹೈಡೆಲ್‌ಬರ್ಗರ್‌ನಿಂದ. ಗಡ್ಡೆಯ ಕೋಶಗಳು ಯುರಾಸಿಲ್ ಎಂಬ ವಸ್ತುವನ್ನು ಹೆಚ್ಚು ಎಳೆದುಕೊಳ್ಳುತ್ತವೆ ಎಂಬುದನ್ನು ಗಮನಿಸಿ, ಅದೇ ವೇಷದ ವಿಷವೊಂದನ್ನು ಅವನು ರಚಿಸಿದನು. ಆದರೂ ಶಸ್ತ್ರಕ್ರಿಯೆಯ ನಂತರ ಈ ಮದ್ದು ಕೊಟ್ಟರೆ ರೋಗಿಯ ಆಯುಷ್ಯ ನಿಜಕ್ಕೂ ಹೆಚ್ಚುವುದೆಂದು ದೃಢಪಟ್ಟದ್ದು 1990ರ ಹೊತ್ತಿಗೆ. ಆಗ ಅದರ ಜೊತೆಗೆ ಕೊಟ್ಟದ್ದು ಲೆವಮಿಸೋಲ್, ಅಂದರೆ ಜಾನುವಾರುಗಳಿಗೂ ಕೊಡುವ ಜಂತುಹುಳುವಿನ ಮದ್ದು!

ಮುಂದೆ ಜಪಾನಿನ ನಗೋಯಾದಲ್ಲಿ 1976ರಲ್ಲಿ ಕಂಡುಹಿಡಿದಿದ್ದ ಆಕ್ಸಾಲಿಪ್ಲಾಟಿನ್ ಸೇರಿಕೊಂಡಿತು. ಶಸ್ತ್ರಕ್ರಿಯೆಯ ನಂತರದ ಚಿಕಿತ್ಸೆಯಲ್ಲಿ ಅದರ ಲಾಭ 2004ರಲ್ಲಿ ಪ್ರಕಟವಾಯಿತು. ಇರಿನೊಟೆಕಾನ್ ಎಂಬ ಇನ್ನೊಂದು ಮದ್ದಿಗೆ ನಮ್ಮ ಘಟ್ಟದ ಸಂಬಂಧವಿದೆ. ಅದರ ಮೂಲವಸ್ತುವಾದ ಕ್ಯಾಂಪ್ಟೊಥೆಸಿನನ್ನು ಚೀನಾದ ಮರವೊಂದರಿಂದ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ 1966ರಲ್ಲಿ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ಪಶ್ಚಿಮ ಘಟ್ಟದಲ್ಲಿ ಬೆಳೆಯುವ, ದುರ್ವಾಸನೆಯ ಹೂ ಬಿಡುವ ಸಣ್ಣ ಮರವೊಂದರಲ್ಲಿ ಕಂಡುಕೊಂಡರು. ನೊಥಪೊಡೈಟಿಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಔಷಧಕ್ಕಾಗಿ ಬೇಡಿಕೆ ಹೆಚ್ಚಿದ ಮೇಲೆ ಆ ಮರವನ್ನು ಘಟ್ಟದಲ್ಲಿ ಮನಬಂದಂತೆ ಕಡಿದು ಸಾಗಿಸಿದರೆಂಬುದು ಬೇಸರದ ಸಂಗತಿ.

ಆದರೆ ಓದುಗರೇ, ಮದ್ದು ಜೀವ ಉಳಿಸುವುದು ಬೇರೆ, ಮದ್ದು ತೆಗೆದುಕೊಳ್ಳುತ್ತ ದುಡಿಯಲು ಸಾಧ್ಯವಾಗುವುದು ಬೇರೆ. ಎರಡನೆಯದಕ್ಕೆ ಕಾರಣವಾದವು ಕಡಿಮೆ ಕೀರ್ತಿಯ ಕೆಲವು ಸಂಗತಿಗಳು. ಮೊದಲನೆಯದು 1990ರ ಸುಮಾರಿಗೆ ಬಳಕೆಗೆ ಬಂದ ಆಂಡಾನ್‌ಸೆಟ್ರಾನ್ ಎಂಬ ವಾಂತಿ ನಿಲ್ಲಿಸುವ ಮದ್ದು. ಅದಕ್ಕೆ ಮುಂಚೆ ಅನೇಕ ರೋಗಿಗಳು ಕ್ಯಾನ್ಸರಿಗಿಂತ ವಾಂತಿಗೇ ಹೆದರಿ ಚಿಕಿತ್ಸೆ ಬಿಟ್ಟು ಓಡುತ್ತಿದ್ದರು. ಎರಡನೆಯದು ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ಸಣ್ಣ ಪಂಪು. ಹದಿನಾಲ್ಕು ದಿನಗಳಿಗೊಮ್ಮೆ ಕೊಡುವ ಚಿಕಿತ್ಸೆಯಲ್ಲಿ 46 ಗಂಟೆಗಳ ಕಾಲ ರಕ್ತಕ್ಕೆ ಇಳಿಯಬೇಕಾದ ಮದ್ದನ್ನು ಇದರಿಂದ ಮನೆಯಲ್ಲಿಯೇ ಪಡೆಯಬಹುದು. ಮೂರನೆಯದು ಕ್ಯಾಪೆಸಿಟಬೀನ್ ಮಾತ್ರೆ. ಹದಿನಾಲ್ಕು ದಿನ ನುಂಗಿ ಏಳು ದಿನ ಬಿಡುವ ಈ ಕ್ರಮದಿಂದ ಆಸ್ಪತ್ರೆಯ ಓಡಾಟ ಕಡಿಮೆಯಾಯಿತು. ನಾಲ್ಕನೆಯದು 2018ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನ. ಮೂರನೆಯ ಹಂತದ ಕರುಳಿನ ಕ್ಯಾನ್ಸರಿನಲ್ಲಿ ಅಪಾಯ ಕಡಿಮೆ ಇರುವವರಿಗೆ, ಆಕ್ಸಾಲಿಪ್ಲಾಟಿನ್ ಜೊತೆಗೆ ಮಾತ್ರೆಯನ್ನು ಕೊಡುವುದಾದರೆ, ಆರು ತಿಂಗಳ ಬದಲು ಮೂರು ತಿಂಗಳ ಚಿಕಿತ್ಸೆಯೂ ಸಾಕೆಂದು ಅದು ತೋರಿಸಿತು. ದುಡಿದು ತಿನ್ನುವವನಿಗೆ ಮೂರು ತಿಂಗಳು ಉಳಿಯುವುದು ಸಣ್ಣ ಮಾತಲ್ಲ.

ಚಿಕಿತ್ಸೆಯ ನಡುವೆ ಕೆಲಸ ಬಿಡದವರ ಉದಾಹರಣೆಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಪ್ರಸಿದ್ಧರು. 1999ರ ಸೆಪ್ಟೆಂಬರಿನಲ್ಲಿ ಅವರಿಗೆ ಕರುಳಿನ ಕ್ಯಾನ್ಸರಿನ ಶಸ್ತ್ರಕ್ರಿಯೆಯಾಯಿತು. ನಂತರದ ಕಿಮೊಥೆರಪಿ, ವಿಕಿರಣ ಚಿಕಿತ್ಸೆಗಳ ನಡುವೆ ಅವರು ವಿಚಾರಣೆಯ ಒಂದು ದಿನವನ್ನೂ ತಪ್ಪಿಸಲಿಲ್ಲ. ಶುಕ್ರವಾರ ಮದ್ದು ತೆಗೆದುಕೊಂಡರೆ ಶನಿವಾರ, ಭಾನುವಾರ ಸುಧಾರಿಸಿಕೊಂಡು ಸೋಮವಾರ ಪೀಠಕ್ಕೆ ಬರಬಹುದೆಂದು ಸಲಹೆ ಕೊಟ್ಟವರು, ಸ್ತನ ಕ್ಯಾನ್ಸರ್ ಗೆದ್ದಿದ್ದ ಸಹೋದ್ಯೋಗಿ ಸಾಂಡ್ರಾ ಡೇ ಓಕಾನರ್. ಗಿನ್ಸ್‌ಬರ್ಗ್ ಆ ಬಳಿಕ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನ್ಯಾಯದಾನ ಮಾಡಿ 2020ರಲ್ಲಿ ತೀರಿಕೊಂಡರು. ನಟ ಚಾಡ್ವಿಕ್ ಬೋಸ್‌ಮನ್ 2016ರಲ್ಲಿ ಮೂರನೆಯ ಹಂತದ ಕರುಳಿನ ಕ್ಯಾನ್ಸರ್ ಪತ್ತೆಯಾದ ಮೇಲೂ ಶಸ್ತ್ರಕ್ರಿಯೆ, ಕಿಮೊಥೆರಪಿಗಳ ನಡುವೆ ಚಿತ್ರಗಳಲ್ಲಿ ನಟಿಸಿ, 2020ರಲ್ಲಿ 43ನೆಯ ವಯಸ್ಸಿನಲ್ಲಿ ನಿಧನನಾದನು. ರೋಗ ಬೇರೆಯಾದರೂ ನಮ್ಮ ನೆರೆಯ ಗೋವೆಯ ಮುಖ್ಯಮಂತ್ರಿ ಮನೋಹರ ಪರಿಕ್ಕರ್, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ನಡುವೆ, ಮೂಗಿಗೆ ನಳಿಕೆ ಹಾಕಿಕೊಂಡೇ 2019ರ ಜನವರಿಯಲ್ಲಿ ಬಜೆಟ್ ಮಂಡಿಸಿದರು. ಮಾರ್ಚ್ 17ರಂದು ಕೊನೆಯುಸಿರೆಳೆದರು. ನಮ್ಮ ರಾಜ್ಯದ ಅನಂತಕುಮಾರ್ ಶ್ವಾಸಕೋಶದ ಕ್ಯಾನ್ಸರಿನಿಂದ 2018ರ ನವೆಂಬರ್ 12ರಂದು ತೀರಿಕೊಂಡಾಗ ಕೇಂದ್ರ ಸಚಿವರಾಗಿಯೇ ಇದ್ದರು.

ಇಂಥವರ ಸುದ್ದಿ ಓದಿ ನಾವು 'ಎಂಥ ಮನೋಬಲ!' ಎನ್ನುತ್ತೇವೆ. ಮನೋಬಲ ಇತ್ತೆಂಬುದು ನಿಜ. ಆದರೆ ಅದೇ ಮಾತನ್ನು ನಮ್ಮೂರಿನವರಿಗೆ ಹಚ್ಚುವಾಗ ಸ್ವಲ್ಪ ತಡೆದು ಯೋಚಿಸಬೇಕು.

ನನ್ನ ಸಹೋದ್ಯೋಗಿಗಳೊಬ್ಬರು, ಕನ್ನಡ ಪಂಡಿತರು, ಕರುಳಿನ ಶಸ್ತ್ರಕ್ರಿಯೆಯ ನಂತರ ಆರು ತಿಂಗಳು ಕಿಮೊಥೆರಪಿ ಪಡೆಯುತ್ತ ಶಾಲೆಗೆ ಬಂದರು. ಮದ್ದಿನ ವಾರ ರಜೆ, ಮುಂದಿನ ವಾರ ಪಾಠ. ವೇಳಾಪಟ್ಟಿಯಲ್ಲಿ ಅವರ ಮೊದಲ ಪಿರಿಯಡನ್ನು ನಾವು ಹಂಚಿಕೊಂಡೆವು, ಏಕೆಂದರೆ ಬೆಳಗಿನ ಹೊತ್ತು ಅವರಿಗೆ ಹೊಟ್ಟೆಯ ಉಪದ್ರವ ಹೆಚ್ಚು. ಮದ್ದು ಕೊಟ್ಟ ಮೇಲೆ ಒಂದೆರಡು ವಾರದ ಒಳಗೆ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ, ಕೋಟ್ಲೆ ಇರುವ ಮಕ್ಕಳು ಹತ್ತಿರ ಬರದಂತೆ ತರಗತಿಯ ನಾಯಕನೇ ನೋಡಿಕೊಳ್ಳುತ್ತಿದ್ದ. ಚಿಕಿತ್ಸೆಯ ಕೊನೆಯ ಹೊತ್ತಿಗೆ ಬೆರಳ ತುದಿಗಳು ಜೋಮು ಹಿಡಿದು ಅವರಿಗೆ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಅವರು ಹೇಳುತ್ತಿದ್ದರು, ಹಳಗನ್ನಡ ಪಾಠ ಒಬ್ಬ ಹುಡುಗಿ ಬೋರ್ಡಿನ ಮೇಲೆ ಬರೆಯುತ್ತಿದ್ದಳು. "ಮನೆಯಲ್ಲಿ ಇದ್ದರೆ ದಿನವಿಡೀ ಸೀಕಿನದೇ ಯೋಚನೆ ಮಾಷ್ಟ್ರೇ, ಇಲ್ಲಿ ನಲವತ್ತು ನಿಮಿಷವಾದರೂ ಮರೆಯುತ್ತದೆ" ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರು. ಅವರಿಗೆ ಕೆಲಸವೂ ಒಂದು ಮದ್ದಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವರ ಬೆನ್ನಿಗೆ ಸಂಬಳ ಸಹಿತ ರಜೆ ಇತ್ತು, ಅರ್ಧ ವೇತನದ ರಜೆ ಇತ್ತು, ಬೇಡವೆನಿಸಿದ ದಿನ ಬಾರದೆ ಇರುವ ಸ್ವಾತಂತ್ರ್ಯ ಇತ್ತು.

ಅದೇ ಚಿಕಿತ್ಸೆ ಪಡೆದ, ಗಂಗೊಳ್ಳಿಯ ಕಡೆಯಿಂದ ನಮ್ಮ ಬೀದಿಗೆ ಮೀನು ತರುತ್ತಿದ್ದ ಹೆಂಗಸಿನ ಸ್ಥಿತಿ ಬೇರೆ. ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರಿಗೆ ತಣ್ಣನೆಯ ವಸ್ತು ಮುಟ್ಟಿದರೆ ಕೈಬೆರಳು ಜುಮ್ಮೆನ್ನುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿಯುತ್ತದೆ. ಮಂಜುಗಡ್ಡೆಯಲ್ಲಿಟ್ಟ ಬಂಗುಡೆಯನ್ನು ದಿನವೂ ಎತ್ತಬೇಕಾದವಳಿಗೆ ಅದೆಂಥ ಶಿಕ್ಷೆ! "ಐಸ್ ಮುಟ್ರೆ ಕರೆಂಟ್ ಹೊಡ್ದಂಗ್ ಆತ್ತ್ ಮಾಷ್ಟ್ರೇ" ಎನ್ನುತ್ತ, ಕೈಗೆ ಎರಡು ಪದರ ಬಟ್ಟೆ ಸುತ್ತಿಕೊಂಡು ಮೀನು ತೂಗುತ್ತಿದ್ದಳು. ಬೀಡಿ ಕಟ್ಟುವವರಿಗೂ ಹೊಲಿಗೆಯವರಿಗೂ ಜೋಮು ಹಿಡಿದ ಬೆರಳೆಂದರೆ ನಿಂತ ಸಂಪಾದನೆ. ಕ್ಯಾಪೆಸಿಟಬೀನ್ ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವುದುಂಟು. ಆ ಕಾಲಿನಲ್ಲಿ ಗದ್ದೆಯ ಕೆಸರಿಗಿಳಿದು ನಟ್ಟಿ ಮಾಡುವುದು ಹೇಗೆ? ಅವರು ಕೆಲಸ ಬಿಡಲಿಲ್ಲ, ನಿಜ. ಬಿಟ್ಟರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಕಾನೂನು ಸ್ವಲ್ಪಮಟ್ಟಿಗೆ ಇದನ್ನು ಗುರುತಿಸಿದೆ. ನೌಕರರ ರಾಜ್ಯ ವಿಮಾ ಯೋಜನೆಯಡಿ ಬರುವ ಕಾರ್ಮಿಕರಿಗೆ ಸಾಧಾರಣ ಕಾಯಿಲೆಯಲ್ಲಿ 91 ದಿನ ಸಂಬಳದ ಶೇ. 70ರಷ್ಟು ದೊರೆಯುತ್ತದೆ. ಕ್ಯಾನ್ಸರಿನಂಥ ದೀರ್ಘ ರೋಗಗಳಲ್ಲಿ ನಿಯಮಗಳಿಗೆ ಒಳಪಟ್ಟು ಎರಡು ವರ್ಷದವರೆಗೂ ಶೇ. 80ರಷ್ಟು ದೊರೆಯಬಹುದು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡವರಿಗೆ ಕಿಮೊಥೆರಪಿಯ ವೆಚ್ಚವೂ ಸೇರಿದೆ. 2019ರಲ್ಲಿ ಕೇಂದ್ರ ಸರಕಾರ 42 ಕ್ಯಾನ್ಸರ್ ಮದ್ದುಗಳ ಮೇಲಿನ ವ್ಯಾಪಾರಿ ಲಾಭಕ್ಕೆ ಶೇ. 30ರ ಮಿತಿ ಹಾಕಿತು. ಆದರೆ ಮೀನು ಮಾರುವವಳಿಗೆ, ಕೂಲಿ ಆಳಿಗೆ, ಸಣ್ಣ ಹೋಟೆಲಿನ ಮಾಣಿಗೆ ಮದ್ದಿನ ಖರ್ಚು ಸಿಕ್ಕಿದರೂ ದುಡಿಯಲಾಗದ ದಿನದ ಕೂಲಿ ಯಾರೂ ಕೊಡುವುದಿಲ್ಲ. ಚಿಕಿತ್ಸೆಯ ಚರಿತ್ರೆ ಮುಂದೆ ಓಡಿದಷ್ಟು ವೇಗವಾಗಿ ರಜೆಯ ಚರಿತ್ರೆ ಓಡಿಲ್ಲ.

ಆದ್ದರಿಂದ ಇಂಥ ಚಿಕಿತ್ಸೆಯಲ್ಲಿರುವ ಬಂಧುಗಳಿಗೆ ಹಿರಿಯನಾಗಿ ನಾಲ್ಕು ಮಾತು ಹೇಳುತ್ತೇನೆ. ಕೆಲಸ ಮಾಡಬೇಕೆನಿಸಿದರೆ ವೈದ್ಯರಲ್ಲಿ ನಿಮ್ಮ ಕೆಲಸ ಯಾವುದೆಂದು ವಿವರವಾಗಿ ಹೇಳಿರಿ. ಐಸು, ಕೆಸರು, ಸೂಜಿ, ಸೀಮೆಸುಣ್ಣ ಇವೆಲ್ಲ ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಜೋಮು ಹೆಚ್ಚಿದರೆ ಮುಚ್ಚಿಡಬೇಡಿ, ಮದ್ದಿನ ಪ್ರಮಾಣ ಇಳಿಸಲು ಅವರಿಗೆ ದಾರಿಯಿದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿರಿ. ಕೆಲಸ ಮಾಡಲಾಗದೆ ಮಲಗಿದರೆ ಅದನ್ನು ಸೋಲೆಂದು ತಿಳಿಯಬೇಡಿ. ನೆರೆಕರೆಯವರಲ್ಲಿಯೂ ಒಂದು ಬಿನ್ನಹ: 'ಅವರು ಕ್ಯಾನ್ಸರಿನಲ್ಲೂ ದುಡಿದರಂತೆ' ಎಂದು ಮಲಗಿದವರ ಮುಂದೆ ಹೇಳಬೇಡಿ. ಅದರ ಬದಲು ಅವರ ಒಂದು ದಿನದ ಕೆಲಸವನ್ನು ನೀವು ಮಾಡಿಕೊಟ್ಟರೆ ಸಾಕು.